ಬ್ರೂಜ್ ಉಳಿದದ್ದು ನಿದ್ದೆಯಿಂದಲ್ಲ

ಬೆಲ್ಜಿಯಂನ ಬ್ರೂಜ್ ಪಟ್ಟಣದ ಹಳೆಯ ಭಾಗವನ್ನು ಒಂದು ಹಗಲಿನಲ್ಲಿ ನಡೆದೇ ನೋಡಬಹುದು. ಚೌಕದ 83 ಮೀಟರ್ ಎತ್ತರದ ಗಂಟೆಗೋಪುರದ 366 ಮೆಟ್ಟಿಲು ಹತ್ತಿಳಿದು ಕಾಲುವೆಯ ದಂಡೆ ಹಿಡಿದರೆ, ಸನ್ಯಾಸಿನಿಯರಾಗದೆಯೇ ಧಾರ್ಮಿಕ ಜೀವನ ನಡೆಸುತ್ತಿದ್ದ ಬೆಗೈನ್ ಮಹಿಳೆಯರಿಗಾಗಿ 1245ರಲ್ಲಿ ಸ್ಥಾಪನೆಯಾದ ವಠಾರ ದೂರವೇನಲ್ಲ. ಇಷ್ಟೆಲ್ಲ ಹೇಗೆ ಉಳಿಯಿತು ಎಂಬುದಕ್ಕೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ಸಮುದ್ರಕ್ಕೆ ದಾರಿಯಾಗಿದ್ದ ಝ್ವಿನ್ ಕವಲಿನಲ್ಲಿ ಹೂಳು ತುಂಬಿತು, ವ್ಯಾಪಾರ ಹೋಯಿತು, ಬಡವಾದ ಊರು ಮಲಗಿತು, ಆದ್ದರಿಂದ ಉಳಿಯಿತು. 1892ರಲ್ಲಿ ರೋಡೆನ್‌ಬಾಕ್ ಬರೆದ ಕಾದಂಬರಿ ಬ್ರೂಜನ್ನು ‘ಸತ್ತ ಊರು’ ಎಂದು ಜಗತ್ತಿಗೆ ಪರಿಚಯಿಸಿದ ಮೇಲಂತೂ ಈ ಕಥೆ ಗಟ್ಟಿಯಾಗಿ ಬೇರೂರಿತು. ಆ ‘ಸತ್ತ’ ಊರು 1907ರಲ್ಲಿ ಕಡಲತೀರದ ಝೇಬ್ರೂಗೆಯಲ್ಲಿ ಹೊಸ ಬಂದರನ್ನೇ ತೆರೆಯಿತು.

ಹೂಳು ತುಂಬಿದ್ದು ನಿಜ. ಆದರೆ 1488ರಲ್ಲಿ ಬ್ರೂಜ್‌ನ ಜನ ತಮ್ಮ ದೊರೆ ಮ್ಯಾಕ್ಸಿಮಿಲಿಯನ್‌ನನ್ನೇ ಸೆರೆಯಲ್ಲಿಟ್ಟರು. ಬಿಡುಗಡೆಯಾದವನು ಪರದೇಶದ ವರ್ತಕರನ್ನು ಆಂಟ್ವರ್ಪ್‌ಗೆ ಹೋಗುವಂತೆ ಒತ್ತಾಯಿಸಿದ. ಅವನತಿಯಲ್ಲಿ ಮರಳಿನಷ್ಟೇ ರಾಜಕಾರಣದ ಪಾಲೂ ಇತ್ತು. ಇನ್ನು, ಬಡತನ ಕಟ್ಟಡಗಳನ್ನು ಕಾಯುತ್ತದೆ ಎಂಬ ಮಾತನ್ನು ಊರಿನ ಚರಿತ್ರೆಯೇ ಒಪ್ಪುವುದಿಲ್ಲ. ದೋಣಿಗಳು ಒಳಕ್ಕೇ ಬಂದು ಸರಕಿಳಿಸುತ್ತಿದ್ದ ಚೌಕದ ಬೃಹತ್ ಉಗ್ರಾಣ 1787ರಲ್ಲಿ ನೆಲಸಮವಾಯಿತು. ಸಂತ ಡೊನಾಷಿಯನ್ ಕ್ಯಾಥೆಡ್ರಲ್ ಫ್ರೆಂಚರ ಆಳ್ವಿಕೆಯಲ್ಲಿ, 1799ರಲ್ಲಿ ಹೋಯಿತು. ಊರು ‘ಮಲಗಿದ್ದ’ ಕಾಲದಲ್ಲೇ ಇಂಥ ದೊಡ್ಡ ಕಟ್ಟಡಗಳು ಅಳಿದವು. ಉಳಿಸುವ ಕೆಲಸ ಶುರುವಾದದ್ದು ಯಾರೋ ಎಚ್ಚೆತ್ತು ಹಣ ಹಾಕಿದಾಗ: 1877ರಿಂದ ನಗರಸಭೆ ಹಳೆಯ ಮನೆಗಳ ಮುಂಗೋಡೆ ದುರಸ್ತಿಗೆ ಮಾಲೀಕರಿಗೆ ಸಹಾಯಧನ ಕೊಡತೊಡಗಿತು. ನಗರ ವಾಸ್ತುಶಿಲ್ಪಿ ಲೂಯಿ ಡೆಲಾಸೆನ್ಸರಿ ಗ್ರೂಟ್‌ಹೂಸೆ ಅರಮನೆಯನ್ನು ಮತ್ತೆ ನಿಲ್ಲಿಸಿದ.

ಹಾಗಾದರೆ ನಾವು ನೋಡುವುದು ಮಧ್ಯಯುಗವೋ, ಹತ್ತೊಂಬತ್ತನೆಯ ಶತಮಾನದ ಕಲ್ಪನೆಯೋ ಎಂಬ ಆಕ್ಷೇಪ ಹಗುರವಾದದ್ದಲ್ಲ. ಆ ಉಗ್ರಾಣದ ಜಾಗದಲ್ಲಿ ಇಂದು ನಿಂತಿರುವ ಪ್ರಾಂತೀಯ ಭವನ ಗಾಥಿಕ್ ವೇಷದ ಹೊಸ ಕಟ್ಟಡವೇ. ಅದನ್ನು ಹಳೆಯದೆಂದು ತೋರಿಸುವುದು ತಪ್ಪು. ಆದರೆ ನಡೆಯುವವರ ಪಾದಕ್ಕೆ ಸಿಗುವ ಪುರಾವೆ ಬೇರೆ. ಬೀದಿಗಳ ತಿರುವು, ಕಾಲುವೆಯ ಜಾಡು, ಬೀದಿಯ ಕಡೆ ಕಿರಿದಾಗಿ ಹಿಂದಕ್ಕೆ ಉದ್ದವಾಗಿ ಚಾಚಿದ ನಿವೇಶನಗಳು ಮಧ್ಯಯುಗದ ವರ್ತಕರು ಬಿಟ್ಟುಹೋದವು. ಮುಂಗೋಡೆಯನ್ನು ಯಾರಾದರೂ ಹೊಸದಾಗಿ ಕಟ್ಟಿಯಾರು. ಊರಿನ ಈ ವಿನ್ಯಾಸವನ್ನು ಕೃತಕವಾಗಿ ಹುಟ್ಟಿಸುವುದು ಕಷ್ಟ. 1972ರ ನಗರ ಯೋಜನೆ ಇದನ್ನೇ ಆಧಾರವಾಗಿಟ್ಟುಕೊಂಡು, ಹಳೆಯ ಮನೆಗಳಲ್ಲಿ ಜನ ವಾಸ ಮುಂದುವರಿಸಬೇಕೆಂಬುದಕ್ಕೆ ಒತ್ತು ಕೊಟ್ಟಿತು. ಊರಿನ ಇಡೀ ಹಳೆಯ ಭಾಗಕ್ಕೆ ಯುನೆಸ್ಕೊ ಮನ್ನಣೆ ಬಂದದ್ದು ಅದಾದ ಎಷ್ಟೋ ಕಾಲದ ಮೇಲೆ, 2000ದಲ್ಲಿ.