ಘಾಟಿಯ ಹಳೆಯ ಹಾದಿ, ಸೈಕಲ್ಲು ಮತ್ತು ಸ್ತ್ರೀಯರ ಆರೋಗ್ಯ

ಕೆಳದಿ ಅರಸರ ಬಿದನೂರಿಗೂ ಬಸರೂರು ಬಂದರಿಗೂ ನಡುವಣ ಘಾಟಿಗಳಲ್ಲಿ ಒಂದು ಕಾಲಕ್ಕೆ ಹೇರೆತ್ತುಗಳು ಮೆಣಸನ್ನು ಇಳಿಸಿ, ಉಪ್ಪನ್ನು ಏರಿಸುತ್ತಿದ್ದವು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಇಕ್ಕೇರಿಗೆ ಬಂದುದೂ ಇಂತಹುದೇ ಘಾಟಿಯೊಂದನ್ನು ಏರಿ. ರಾಣಿ ಚೆನ್ನಮ್ಮಾಜಿ ಆಳಿದ ಸೀಮೆಯಿದು.

ಈಗ ಹುಲಿಕಲ್, ಆಗುಂಬೆ, ಬಿಸಿಲೆಗಳ ಕಡೆಗೆ ಮಂಗಳೂರಿನ ಹೆಣ್ಣುಮಕ್ಕಳೂ ಗೇರುಳ್ಳ ಸೈಕಲ್ಲುಗಳಲ್ಲಿ ಹೊರಡುತ್ತಿದ್ದಾರೆ. ಬೆಟ್ಟದ ಸೈಕಲ್ ಸ್ಪರ್ಧೆಯು ಒಲಿಂಪಿಕ್ಸ್ ಸೇರಿದ 1996ರಲ್ಲಿಯೇ ಮಹಿಳೆಯರಿಗೂ ಅಲ್ಲಿ ಸ್ಥಾನ ದೊರೆಯಿತು. ನಮ್ಮ ಮನೆಗಳಲ್ಲಿ ಮಾತ್ರ "ಗರ್ಭಕೋಶಕ್ಕೆ ಪೆಟ್ಟಾಗದೇ ಡಾಕ್ಟರೇ?" ಎಂಬ ಪ್ರಶ್ನೆ ಇನ್ನೂ ಉಳಿದಿದೆ. ಆರೋಗ್ಯವಂತೆಗೆ ಆ ಭಯ ಬೇಡ. ಗರ್ಭಕೋಶವು ಸೊಂಟದ ಮೂಳೆಗಳ ನಡುವೆ ಭದ್ರವಾಗಿದೆ. ಗರ್ಭಿಣಿಯರೂ ಬಾಣಂತಿಯರೂ ಈ ಸಾಹಸಕ್ಕೆ ಇಳಿಯಬಾರದು, ಅಷ್ಟೆ. ಉಡುತಡಿಯಿಂದ ಕಲ್ಯಾಣಕ್ಕೂ ಅಲ್ಲಿಂದ ಶ್ರೀಶೈಲಕ್ಕೂ ನಡೆದ ಅಕ್ಕನನ್ನು ಪೂಜಿಸುವ ನಾವು, ಮಗಳು ಘಾಟಿ ಏರುವಳೆಂದರೆ ಬೆದರುವುದೇಕೋ!

ನನ್ನ ಚಿಂತೆ ಬೇರೆಯದು. ದಾರಿಯಲ್ಲಿ ಶೌಚಾಲಯವಿಲ್ಲವೆಂದು ಅನೇಕ ಹೆಣ್ಣುಮಕ್ಕಳು ಬೆಳಗಿನಿಂದ ನೀರನ್ನೇ ಮುಟ್ಟದೆ ಹೊರಡುತ್ತಾರೆ. ಮೂತ್ರವನ್ನು ತಾಸುಗಟ್ಟಲೆ ತಡೆಯುತ್ತಾರೆ. ಇಂತಹ ವೇಗಗಳನ್ನು ತಡೆಯಬಾರದೆಂದು ತಿಳಿಸುವುದಕ್ಕೆಂದೇ ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ 7ನೆಯ ಅಧ್ಯಾಯವಿದೆ. ಮೂತ್ರವೇಗವನ್ನು ತಡೆದರೆ ಬಸ್ತಿಶೂಲ, ಮೂತ್ರಕೃಚ್ಛ್ರ, ತಲೆನೋವು ಉಂಟಾಗುವುದೆಂದು ಅಲ್ಲಿ ಹೇಳಿದೆ. ಬೆವರು ಹರಿಯುತ್ತಿರುವಾಗ ನೀರನ್ನೂ ಕುಡಿಯದೆ ಮೂತ್ರವನ್ನೂ ಕಟ್ಟಿಕೊಂಡರೆ ಸೋಂಕಿಗೆ ಬಾಗಿಲು ತೆರೆದಂತೆ. ಹೊರಡುವ ಮುನ್ನವೇ ಹಾದಿಯಲ್ಲಿನ ಪರಿಚಿತರ ಮನೆ, ದೇವಸ್ಥಾನ, ಪೆಟ್ರೋಲ್ ಬಂಕುಗಳನ್ನು ಗುರುತಿಸಿಕೊಳ್ಳಿರಿ. ಕುಚ್ಚಲಕ್ಕಿ ಗಂಜಿಯ ತಿಳಿಗೆ ಉಪ್ಪು ಬೆರೆಸಿ ಒಯ್ಯಿರಿ. ಬಣ್ಣದ ಪೇಯಗಳಿಗಿಂತ ಅದು ಮೇಲು.

ಎಷ್ಟು ತುಳಿಯಬೇಕು? ವಾಗ್ಭಟನು ಬಲಿಷ್ಠರಿಗೂ ಅರ್ಧಶಕ್ತಿಯ ವ್ಯಾಯಾಮವನ್ನೇ ವಿಧಿಸಿದ್ದಾನೆ, ಅದೂ ಚಳಿಗಾಲ ಮತ್ತು ವಸಂತದಲ್ಲಿ. ಹಣೆ, ಕಂಕುಳು ಬೆವರಿ ಬಾಯಿ ಒಣಗತೊಡಗಿದರೆ ಅರ್ಧಶಕ್ತಿ ತೀರಿತೆಂದು ತಿಳಿಯಬೇಕು. ಅಲ್ಲಿ ಇಳಿದು ಸೈಕಲ್ಲನ್ನು ತಳ್ಳಿಕೊಂಡು ನಡೆಯುವುದು ಅವಮಾನವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ 15ರಿಂದ 49 ವರ್ಷದ ಸ್ತ್ರೀಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಏರಿನಲ್ಲಿ ಏದುಸಿರು ಬರುವುದನ್ನು ಅಭ್ಯಾಸದ ಕೊರತೆಯೆಂದು ತಳ್ಳಿಹಾಕುವ ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಆಗಲಿ.

ಸೀಟು ಕೂರುವ ಮೂಳೆಗಳ ಅಗಲಕ್ಕೆ ತಕ್ಕುದಾಗಿರಬೇಕು. ಬೆವರಿದ ಬಟ್ಟೆಯಲ್ಲಿಯೇ ಹರಟೆಗೆ ಕೂರದಿರಿ. ಮನೆಗೆ ಮರಳಿದ ಮೇಲೆ ತೊಡೆ, ಮೊಣಕಾಲುಗಳಿಗೆ ಉಗುರುಬೆಚ್ಚಗಿನ ಎಳ್ಳೆಣ್ಣೆಯ ಅಭ್ಯಂಗ ಹಿತಕರ. ಮುಟ್ಟಿನ ಮೊದಲ ಮೂರು ದಿನ ಆಯುರ್ವೇದವು ವಿಶ್ರಾಂತಿಯನ್ನು ಹೇಳುತ್ತದೆ. ಇದು ದೇಹದ ದಣಿವಿನ ಮಾತು, ಶರಣರು ತೊರೆದ ಸೂತಕದ ಮಾತಲ್ಲ. ಮಳೆಗಾಲದಲ್ಲಿ ಘಾಟಿ ಬೇಡ. ಕಾಡಿನೊಳಗಣ ಹಾದಿಯಾದರೆ ಅರಣ್ಯ ಇಲಾಖೆಯ ಅನುಮತಿ ಪಡೆದು, ಒಬ್ಬಂಟಿಯಾಗಿ ಹೋಗದೆ ಜೊತೆಗಾತಿಯರೊಡನೆ ಹೊರಡಿರಿ.