ಕಂಬದ ಮೇಲಣ ಬೋದಿಗೆ

ಬೀದಿಯಲ್ಲಿ ನಡೆಯುವಾಗ ನಮ್ಮ ದೃಷ್ಟಿಯು ಎಷ್ಟು ಎತ್ತರದವರೆಗೆ ಏರುತ್ತದೆಂಬುದನ್ನು ಯಾರಾದರೂ ಅಳೆದು ನೋಡಿದರೆ, ಅದು ಅಂಗಡಿಯ ನಾಮಫಲಕದ ಮಟ್ಟವನ್ನು ದಾಟುವುದಿಲ್ಲವೆಂದೇ ತಿಳಿದುಬಂದೀತು. ದೇವಾಲಯಕ್ಕೆ ಹೋದರೂ ಹೀಗೆಯೇ. ಕಾಲಬಳಿಯ ಹೊಸ್ತಿಲನ್ನು ನೋಡುತ್ತೇವೆ, ಎದುರಿನ ದೇವರನ್ನು ನೋಡುತ್ತೇವೆ, ಗೋಡೆಯ ಮೇಲೆ ಚೆಲುವಾದ ವಿಗ್ರಹವಿದ್ದರೆ ಅದರ ಮುಂದೆ ಒಂದು ಕ್ಷಣ ನಿಲ್ಲುತ್ತೇವೆ. ಕಂಬಕ್ಕೂ ಅದರ ಮೇಲಿನ ತೊಲೆಗೂ ನಡುವೆ ಏನಿದೆಯೆಂದು ಕತ್ತೆತ್ತಿ ನೋಡುವವರು ವಿರಳ. ಅಲ್ಲಿರುವ ವಸ್ತುವಿಗೆ ಬೋದಿಗೆ ಎಂದು ಹೆಸರು. ಈ ಹೊತ್ತು ನಾವು ಹೇಳಬೇಕೆಂದಿರುವುದು ಅದೊಂದರ ವಿಚಾರವನ್ನೇ.

ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಈ ಐದು ಊರುಗಳು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿವೆ. ಈ ಸೀಮೆಯಲ್ಲಿ ನಾವು ವಿದ್ಯಾರ್ಥಿಗಳನ್ನು ಕರೆದುಕೊಂಡು ಅನೇಕ ಸಲ ತಿರುಗಿದ್ದೇವೆ. ಬೋದಿಗೆಯೆಂಬುದು ಕಂಬದ ತಲೆಗೆ ಇಟ್ಟ ಅಲಂಕಾರವೆಂದು ಅವರಿಗೆ ಬಹುಕಾಲ ಪಾಠ ಹೇಳಿದವರೂ ನಾವೇ. ಅದು ತಪ್ಪೆಂದು ನಮಗೆ ತಿಳಿಸಿಕೊಟ್ಟವನು ಯಾವ ಪಂಡಿತನೂ ಅಲ್ಲ. ಹರಪನಹಳ್ಳಿಯಲ್ಲಿ ಹಳೆಯ ಮನೆಯೊಂದನ್ನು ಕೆಡವುತ್ತಿದ್ದ ಬಡಗಿ. ತೇಗದ ಬೋದಿಗೆಗಳನ್ನು ಅವನು ಸೌದೆಯ ರಾಶಿಗೆ ಎಸೆಯುತ್ತಿದ್ದ. ಇಷ್ಟು ಚೆಂದದ ಕೆತ್ತನೆಯನ್ನು ಹೀಗೆ ಎಸೆಯಬಹುದೆ ಎಂದು ಕೇಳಿದೆವು. ಅವನು ನಕ್ಕು, “ಇದು ಚಂದಕ್ಕೆ ಇಟ್ಟಿದ್ದಲ್ರೀ ಮೇಷ್ಟ್ರೆ. ಇದಿಲ್ದಿದ್ರೆ ತೊಲಿ ನಡುವು ಬೀಳ್ತೈತಿ” ಎಂದ. ತೊಲೆಯೇ ಹೋದಮೇಲೆ ಬೋದಿಗೆ ಏತಕ್ಕೆ ಎಂಬುದು ಅವನ ನ್ಯಾಯ.

ಅವನ ಮಾತಿನ ಅರ್ಥವನ್ನು ತಿಳಿಯಲು ಎಳೆಯ ಮಗುವಿನ ಕೈಯ ಬಳಪವೊಂದು ಸಾಕು. ಬಳಪವನ್ನು ನೆಟ್ಟಗೆ ನಿಲ್ಲಿಸಿ ಮೇಲಿಂದ ಒತ್ತಿರಿ. ಅದು ಬಹಳ ಭಾರವನ್ನು ತಡೆಯುತ್ತದೆ. ಅದನ್ನೇ ಎರಡು ಬೆರಳುಗಳ ಮೇಲೆ ಅಡ್ಡಲಾಗಿಟ್ಟು ನಡುವೆ ಮೆಲ್ಲನೆ ಅದುಮಿರಿ, ಕೂಡಲೇ ಮುರಿಯುತ್ತದೆ. ಮುರಿತವು ಕೆಳಮೈಯಿಂದ ಆರಂಭವಾಗುತ್ತದೆ. ಬಾಗಿದಾಗ ಮೇಲ್ಮೈ ಒತ್ತಿಕೊಳ್ಳುತ್ತದೆ, ಕೆಳಮೈ ಹಿಗ್ಗಿಕೊಳ್ಳುತ್ತದೆ. ಕಲ್ಲು ಒತ್ತಡವನ್ನು ತಾಳುವಷ್ಟು ಸೆಳೆತವನ್ನು ತಾಳದು. ಕಲ್ಲಿನ ಕಂಬಗಳು ಸಾವಿರ ವರ್ಷ ನಿಂತರೂ ಕಲ್ಲಿನ ತೊಲೆಗಳು ಬಿರಿಯುವುದು ಇದರಿಂದಲೇ. ಈ ಸೀಮೆಯ ಚಾಳುಕ್ಯ ದೇವಾಲಯಗಳಲ್ಲಿ ಅನೇಕ ಕಂಬಗಳು ಆ ಬಳಪದ ಕಲ್ಲಿನ ಜಾತಿಯವೇ ಆಗಿವೆಯೆಂಬುದನ್ನೂ ಇಲ್ಲಿ ಹೇಳಬಹುದು.

ತೊಲೆ ಮುರಿಯದಂತೆ ಮಾಡುವುದು ಹೇಗೆ? ಅದನ್ನು ದಪ್ಪವಾಗಿಸಬಹುದು, ಆದರೆ ಆಗ ತೊಲೆಯ ಭಾರವೇ ಹೆಚ್ಚಿತು. ಕಂಬಗಳನ್ನು ಹತ್ತಿರಕ್ಕೆ ತರಬಹುದು, ಆದರೆ ಆಗ ಜನ ನಿಲ್ಲಲು ಎಡೆಯಿರದು. ಮೂರನೆಯ ಉಪಾಯವೇ ಬೋದಿಗೆ. ಕಂಬದ ತಲೆಯಿಂದ ಎರಡು ಕಡೆಗೂ ಒಂದೊಂದು ತೋಳು ಮುಂದಕ್ಕೆ ಚಾಚಿ ತೊಲೆಯನ್ನು ಹಿಡಿದರೆ, ಆಸರೆಯಿಲ್ಲದ ಅಂತರವು ಕಡಮೆಯಾಗುತ್ತದೆ. ಎಂಟು ಅಡಿಯ ಅಂತರದಲ್ಲಿ ಎರಡು ಕಡೆಯಿಂದಲೂ ಒಂದೊಂದು ಅಡಿ ಕಳೆದರೆ ಆರು ಅಡಿ ಉಳಿಯುತ್ತದೆ. ಇದರಿಂದ ಆಗುವ ಲಾಭ ಕಾಲುಭಾಗ ಮಾತ್ರವೆಂದು ತೋರಬಹುದು. ಆದರೆ ತೊಲೆಯ ಉದ್ದಕ್ಕೂ ಸಮನಾಗಿ ಹರಡಿದ ಭಾರವು ಅದನ್ನು ಬಗ್ಗಿಸುವ ಬಲವು ಅಂತರದ ವರ್ಗವನ್ನನುಸರಿಸಿ ಬೆಳೆಯತಕ್ಕದ್ದು. ಎಂಟರ ವರ್ಗ 64, ಆರರ ವರ್ಗ 36. ಒಂದಡಿಯ ತೋಳುಗಳಿಂದ ತೊಲೆಯ ಕಷ್ಟವು ಹೆಚ್ಚು ಕಡಮೆ ಅರ್ಧಕ್ಕೆ ಇಳಿಯಿತು!

ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ಹರಪನಹಳ್ಳಿಗೆ ಸಮೀಪದ ಬಾಗಳಿಯ ಕಲ್ಲೇಶ್ವರ ದೇವಾಲಯವನ್ನು ಹೊಗಬೇಕು. ಎರಡನೆಯ ತೈಲಪನ ಕಾಲದಲ್ಲಿ, 987ರಲ್ಲಿ, ದುಗ್ಗಿಮಯ್ಯನೆಂಬವನು ಇಲ್ಲಿ ಪ್ರತಿಷ್ಠೆ ಮಾಡಿಸಿದನೆಂದು ಶಾಸನದಿಂದ ತಿಳಿಯುತ್ತದೆ. ಇಲ್ಲಿಯ ತೆರೆದ ಮಂಟಪದಲ್ಲಿ ಐವತ್ತರಷ್ಟು ಕಂಬಗಳಿವೆ. ನೋಡಬಂದವರೆಲ್ಲರೂ ಅವುಗಳ ನಯಗೆಲಸವನ್ನು, ತಿಗರಿಗೆ ಹಾಕಿ ತಿರುಗಿಸಿದಂತಿರುವ ಬಳೆಗಳನ್ನು ಹೊಗಳುತ್ತಾರೆ, ಹೊಗಳತಕ್ಕದ್ದೇ. ಅಲ್ಲಿಂದ ದೃಷ್ಟಿಯನ್ನು ಒಂದು ಮೊಳ ಮೇಲಕ್ಕೆ ಎತ್ತಿದರೆ ಬೋದಿಗೆಗಳು ಕಾಣುತ್ತವೆ. ಒಳಗಿನ ಕಂಬದ ಮೇಲೆ ತೊಲೆಗಳು ನಾಲ್ಕು ದಿಕ್ಕಿನಿಂದ ಬಂದು ಕೂಡುವುದರಿಂದ ಬೋದಿಗೆಗೂ ನಾಲ್ಕು ತೋಳು. ಕೆಳಗೆ ನಿಂತು ನೋಡಿದರೆ ಕೂಡುಚಿಹ್ನೆಯ ಆಕಾರ. ಎಷ್ಟು ಬೇಕೋ ಅಷ್ಟು ಕೆಲಸ, ಹೆಚ್ಚಿನ ಮಾತಿಲ್ಲ.

ಇದಕ್ಕೆ ಎದುರಾದದ್ದನ್ನು ನೋಡಬೇಕಾದರೆ ಹಡಗಲಿಯ ಕಡೆಗೆ, ತುಂಗಭದ್ರೆಯ ದಡದ ಕುರುವತ್ತಿಗೆ ಹೋಗಬೇಕು. 1068ರಲ್ಲಿ ಒಂದನೆಯ ಸೋಮೇಶ್ವರನು ವಾಸಿಯಾಗದ ರೋಗದಿಂದ ಬಳಲಿ ಹೊಳೆಗಿಳಿದು ಪ್ರಾಣಬಿಟ್ಟ ಸ್ಥಳವದು. ಅಲ್ಲಿಯ ಮಲ್ಲಿಕಾರ್ಜುನ ದೇವಾಲಯದ ಬಾಗಿಲ ಬಳಿ ಕಂಬಗಳಿಂದ ಮುಂದಕ್ಕೆ ಬಾಗಿದ ಮದನಿಕೆಯರು ಬಹು ಪ್ರಸಿದ್ಧರು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಮದನಿಕೆಯರಿಗೆ ಇವರು ಅಕ್ಕಂದಿರು. ತೊಲೆಯನ್ನು ಹೊರಲು ಚಾಚಿದ ತೋಳು ಇಲ್ಲಿ ಹೆಣ್ಣಾಗಿ ಅರಳಿದೆ. ಆದರೆ ಅರಳಿದ ಮೇಲೆ ಹೊರುವ ಕೆಲಸವನ್ನು ಆಕೆ ಬಿಟ್ಟುಬಿಟ್ಟಿದ್ದಾಳೆ. ಈ ವಿಗ್ರಹಗಳ ಸೊಬಗನ್ನು ಅಲ್ಲಗಳೆಯುವವರು ನಾವಲ್ಲ. ಆದರೂ ನಮ್ಮನ್ನು ಕೇಳಿದರೆ ಬಾಗಳಿಯ ಮೂಕ ಬೋದಿಗೆಯ ಪಕ್ಷವನ್ನೇ ಹಿಡಿಯುತ್ತೇವೆ. ನಮ್ಮ ವಿದ್ಯಾರ್ಥಿಗಳು ಇದನ್ನು ಇದುವರೆಗೆ ಒಪ್ಪಿಲ್ಲ.

ಈ ಸೀಮೆಯು ಮದರಾಸು ಆಧಿಪತ್ಯಕ್ಕೆ ಸೇರಿದ್ದಾಗ, ಅಲೆಕ್ಸಾಂಡರ್ ರೀ ಎಂಬ ಪುರಾತತ್ತ್ವ ವಿದ್ವಾಂಸರು ಇಲ್ಲಿಯ ಗುಡಿಗಳನ್ನು ಅಳೆದು, ಚಿತ್ರಪಟಗಳೊಡನೆ 1896ರಲ್ಲಿ ಚಾಳುಕ್ಯ ವಾಸ್ತುಶಿಲ್ಪದ ಮೇಲೆ ಗ್ರಂಥವನ್ನು ಪ್ರಕಟಿಸಿದರು. ಆ ಗ್ರಂಥವನ್ನು ಇಂದಿಗೂ ತೆರೆದು ನೋಡುವುದು ಒಳ್ಳೆಯದು.

ಬೋದಿಗೆಯಿಂದ ಕಾಲವನ್ನೂ ಗುರುತಿಸಬಹುದು. ವಿಜಯನಗರದ ಶಿಲ್ಪಿಗಳು ಗಡುಸಾದ ಕಣಶಿಲೆಯಲ್ಲಿ ಕೆಲಸ ಮಾಡಿದವರು. ಅವರ ಬೋದಿಗೆಯ ತೋಳಿನ ತುದಿಯಿಂದ ಹೂವಿನ ಮೊಗ್ಗೊಂದು ಕೆಳಮುಖವಾಗಿ ಇಳಿಬಿದ್ದಿರುತ್ತದೆ. ದಾರಿಯ ಪಕ್ಕದ ಹಾಳು ಮಂಟಪದಲ್ಲಿ ಶಾಸನವಿಲ್ಲದಿದ್ದರೂ ಈ ಮೊಗ್ಗು ಇದ್ದರೆ, ಕಲ್ಯಾಣದ ಅರಸರ ಹೆಸರನ್ನು ಅಲ್ಲಿ ಎತ್ತದಿರುವುದು ಕ್ಷೇಮ.

ಇನ್ನು ಮನೆಗಳ ಮಾತು. ಕೂಡ್ಲಿಗಿ, ಕೊಟ್ಟೂರುಗಳ ಕಡೆ ಮಳೆ ಕಡಮೆ. ಆದುದರಿಂದ ಇಳಿಜಾರು ಹಂಚಿನ ಬದಲು ಮಟ್ಟಸವಾದ ಮಣ್ಣಿನ ಮಾಳಿಗೆಯೇ ಇಲ್ಲಿಯ ಹಿರಿಯರಿಗೆ ಒಗ್ಗಿತು. ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಹಲಗೆ ಅಥವಾ ಕಡ್ಡಿ, ಅದರ ಮೇಲೆ ದಪ್ಪನಾದ ಮಣ್ಣು. ಬೇಸಗೆಯಲ್ಲಿ ಒಳಗೆ ತಂಪು. ಆದರೆ ಆ ಮಣ್ಣಿನ ಭಾರವೇನು ಸಾಮಾನ್ಯವೆ? ಮಳೆಯಲ್ಲಿ ನೆನೆದರೆ ಇನ್ನೂ ಹೆಚ್ಚು. ಅದಷ್ಟನ್ನೂ ತೊಲೆಯಿಂದ ಕಂಬಕ್ಕೆ ದಾಟಿಸುವ ಮರದ ಬೋದಿಗೆಯು, ಪಡಸಾಲೆಯ ಕತ್ತಲಲ್ಲಿ, ಹೊಗೆ ಹಿಡಿದು ಕರ್ರಗೆ ಕುಳಿತಿರುತ್ತದೆ. ಅದರ ಕೆಳಗೆ ಕುಳಿತು ಮೂರು ತಲೆಮಾರು ಉಂಡಿರುತ್ತದೆ.

ಹಗರಿಬೊಮ್ಮನಹಳ್ಳಿಯ ಹೊಸ ಬಡಾವಣೆಯಲ್ಲಿ ಬೋದಿಗೆಯೇ ಇಲ್ಲವಲ್ಲ ಎಂದು ಕೇಳಬಹುದು. ಇಲ್ಲದೆ ಇಲ್ಲ, ಒಳಗೆ ಸೇರಿಕೊಂಡಿದೆ. ಕಾಂಕ್ರೀಟು ಸುರಿಯುವ ಮುಂಚಿನ ದಿನ ಹೋಗಿ ನೋಡಿದರೆ, ತೊಲೆಯ ನಡುವೆ ಕಬ್ಬಿಣದ ಸರಳುಗಳನ್ನು ಕೆಳಮೈಯಲ್ಲಿ ಕಟ್ಟಿರುವುದು ಕಾಣುತ್ತದೆ; ಬಳಪ ಬಿರಿಯುವ ಕಡೆಯೇ ಅದು. ಕಂಬದ ಬಳಿಗೆ ಬಂದೊಡನೆ ಸೆಳೆತವು ಮೇಲ್ಮೈಗೆ ಸರಿಯುವುದರಿಂದ, ಅಲ್ಲಿ ಸರಳುಗಳು ಮೇಲ್ಭಾಗದಲ್ಲಿರುತ್ತವೆ. ಮಾರನೆಯ ದಿನ ಎಲ್ಲವೂ ಮುಚ್ಚಿಹೋಗುತ್ತದೆ.

ಕಾಣದ್ದು ಕಾಣದಂತಿದ್ದರೆ ಚಿಂತೆಯಿಲ್ಲ. ಕಾಣುವುದನ್ನು ಬರಿಯ ಅಲಂಕಾರವೆಂದು ತಿಳಿದರೆ ಕೇಡು. ಈ ಸೀಮೆಯ ಹಳ್ಳಿಯೊಂದರಲ್ಲಿ ಸಣ್ಣದೊಂದು ಕಲ್ಲುಗುಡಿಯುಂಟು. ಕೆಲವು ವರ್ಷಗಳ ಹಿಂದೆ ಊರವರು ಭಕ್ತಿಯಿಂದ ಹಣ ಕೂಡಿಸಿ ಅದನ್ನು ಜೀರ್ಣೋದ್ಧಾರ ಮಾಡಿಸಿದರು. ಗೋಡೆಗೂ ಕಂಬಕ್ಕೂ ನುಣುಪಾದ ಬಿಲ್ಲೆಗಳನ್ನು ಅಂಟಿಸುವಾಗ ಎರಡು ಬೋದಿಗೆಗಳ ತೋಳುಗಳು ಅಡ್ಡ ಬಂದವು. ಉಳಿಯಿಂದ ಕಡಿದು ಸಮಮಾಡಿದರು. ಆ ಕೆಲಸ ನಡೆಯುತ್ತಿದ್ದಾಗ ನಾವು ಅಲ್ಲಿಗೆ ಹೋಗಿದ್ದೆವು. ಬಿಲ್ಲೆಗಳ ಬಣ್ಣವು ಕಲ್ಲಿಗೆ ಒಪ್ಪುವುದಿಲ್ಲವೆಂದು ದೊಡ್ಡದಾಗಿ ಉಪನ್ಯಾಸ ಕೊಟ್ಟು ಹಿಂದಿರುಗಿದೆವು. ಕಡಿದ ತೋಳುಗಳ ವಿಷಯವಾಗಿ ಒಂದು ಮಾತನ್ನೂ ಆಡಲಿಲ್ಲ. ಆಗ ನಾವೂ ಅವನ್ನು ಅಲಂಕಾರವೆಂದೇ ನಂಬಿದ್ದೆವಷ್ಟೆ. ಬಡಗಿಯ ಮಾತನ್ನು ಕೇಳಿದ್ದು ಆಮೇಲೆ.

ಎರಡು ಮಳೆಗಾಲಗಳು ಕಳೆಯುವುದರೊಳಗೆ ಆ ತೊಲೆಯು ನಡುವೆ, ಕೆಳಮೈಯಲ್ಲಿ, ಬಿರುಕು ಬಿಟ್ಟಿತು. ಈಗ ಅದರ ಕೆಳಗೆ ಒಂದು ಒರಟು ಕಲ್ಲುಕಂಬವನ್ನು ಊರೆಗೊಟ್ಟಿದ್ದಾರೆ. ಅದು ಸರಿಯಾಗಿ ಗರ್ಭಗುಡಿಯ ಬಾಗಿಲಿಗೆ ಎದುರಾಗಿದೆ. ಮಂಗಳಾರತಿಯ ತಟ್ಟೆ ಹಿಡಿದ ಅರ್ಚಕರು ಅದನ್ನು ಬಳಸಿಕೊಂಡು ಹೊರಗೆ ಬರುತ್ತಾರೆ. ಹೋದ ಸಲ ನಾವು ನೋಡಿದಾಗ ಅದಕ್ಕೂ ವಿಭೂತಿ ಬಳಿದು ಹೂವಿಟ್ಟಿದ್ದರು.