ಹೊಟ್ಟೆಯ ಸಸ್ಪೆನ್ಸ್ ಖಾತೆ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬುದು ನಮ್ಮ ಹಿರಿಯರ ಗಾದೆ. ವ್ಯಾಪಾರೋದ್ಯಮಿಗಳು ಮಾತು ಬಲ್ಲವರೆಂಬುದರಲ್ಲಿ ಸಂಶಯವಿಲ್ಲ. ಊಟದ ವಿಷಯದಲ್ಲಿ ಮಾತ್ರ ನಾವು ಹಿಂದುಳಿದಿದ್ದೇವೆ. ಬೆಳಿಗ್ಗೆ ಅಂಗಡಿ ತೆರೆಯುವ ಅವಸರದಲ್ಲಿ ಉಪಾಹಾರ ತಪ್ಪುತ್ತದೆ. ಮಧ್ಯಾಹ್ನದ ಬುತ್ತಿ ನಾಲ್ಕು ಗಂಟೆಗೆ ತೆರೆಯುತ್ತದೆ. ನಡುವಿನ ಹೊತ್ತನ್ನು ಐದಾರು ಕಪ್ ಚಹಾ ತುಂಬುತ್ತದೆ. ತೆರಿಗೆಯ ವಿಷಯ ಬರೆಯುವ ನಾನು ಈ ಸಲ ಹೊಟ್ಟೆಯ ವಿಷಯ ಬರೆಯಲು ಕಾರಣ ನನ್ನ ಕಚೇರಿಯಲ್ಲಿಯೇ ಕಂಡ ಒಂದು ಪ್ರಸಂಗ. ಸಂಬಂಧಪಟ್ಟ ಇಬ್ಬರೂ ನಮ್ಮ ವರ್ತಕ ಬಾಂಧವರು. ಹೆಸರು ಹೇಳದೆ ಬರೆಯಲು ಇಬ್ಬರೂ ಸಮ್ಮತಿಸಿದ್ದಾರೆ.

ಲೆಕ್ಕ ಬರೆಯುವಾಗ ಯಾವ ಖಾತೆಗೆ ಸೇರಿದ್ದೆಂದು ತಿಳಿಯದ ಮೊತ್ತವನ್ನು ತಾತ್ಕಾಲಿಕವಾಗಿ ಸಸ್ಪೆನ್ಸ್ ಖಾತೆಗೆ ಹಾಕುವುದುಂಟು. ವರ್ಷಾಂತ್ಯದೊಳಗೆ ಮೂಲವನ್ನು ಹುಡುಕಿ ಆ ಖಾತೆಯನ್ನು ಚುಕ್ತಾ ಮಾಡಬೇಕು. ಹೊಟ್ಟೆಯ ವಿಷಯದಲ್ಲಿ ‘ಗ್ಯಾಸ್’, ‘ಅಸಿಡಿಟಿ’, ‘ಹವೆ ಬದಲಾಯಿತು’ ಎಂಬ ಮಾತುಗಳು ಇಂಥ ಸಸ್ಪೆನ್ಸ್ ಖಾತೆಗಳೇ. ವ್ಯತ್ಯಾಸವಿಷ್ಟೇ: ಇವುಗಳನ್ನು ನಾವು ಎಂದೂ ಚುಕ್ತಾ ಮಾಡುವುದಿಲ್ಲ.

ಒಬ್ಬ ಕಾರ್ಖಾನೆದಾರರ ಅನುಭವ

ಹುಬ್ಬಳ್ಳಿಯಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಒಬ್ಬ ಮಿತ್ರರ ಲೆಕ್ಕವನ್ನು ಬಹಳ ವರ್ಷಗಳಿಂದ ನೋಡುತ್ತಿದ್ದೇನೆ. ವಯಸ್ಸು ಐವತ್ತರ ಸಮೀಪ. ಅವರ ವೈಯಕ್ತಿಕ ಖರ್ಚಿನ ಖಾತೆಯಲ್ಲಿ ಔಷಧದ ಬಾಬತ್ತು ಮೂರು ವರ್ಷ ಸತತವಾಗಿ ಏರುತ್ತಿದ್ದುದು ನನ್ನ ಗಮನಕ್ಕೆ ಬಂದಿತ್ತು. ಪ್ರತಿ ಮಳೆಗಾಲದಲ್ಲಿ ಹೊಟ್ಟೆಯುಬ್ಬರ, ಭೇದಿ. ಆಷಾಢದ ನೀರಿನ ದೋಷವೆಂದು ಎಲ್ಲರೂ ಹೇಳಿದರು. ಒಮ್ಮೆ ಅವರು ನನ್ನೆದುರಿಗೆ ಹೊಟ್ಟೆ ಹಿಡಿದು ಕುಳಿತಾಗ, ಮೇಜಿನ ಖಾನೆಯಲ್ಲಿ ನನಗೆಂದು ಇಟ್ಟುಕೊಂಡಿದ್ದ ಆಮ್ಲಶಮನಕ ಗುಳಿಗೆಯನ್ನು ನಾನೇ ಕೊಟ್ಟಿದ್ದೆ. ಅದು ನನ್ನ ತಪ್ಪು ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ಅನಂತರ ರಕ್ತಹೀನತೆ ಕಂಡಿತು. ಕಬ್ಬಿಣಾಂಶದ ಗುಳಿಗೆ ನುಂಗಿದರೂ ಹಿಮೋಗ್ಲೋಬಿನ್ ಏರಲಿಲ್ಲ. ಆಗ ಅವರು ಜಾಹೀರಾತನ್ನು ನಂಬಿ ದುಬಾರಿ ರಕ್ತಪರೀಕ್ಷೆಯೊಂದನ್ನು ಮಾಡಿಸಿದರು. ತಮಗೆ ‘ಒಗ್ಗದ’ ಪದಾರ್ಥಗಳ ಉದ್ದನೆಯ ಪಟ್ಟಿ ಬಂತು: ಹಾಲು, ಗೋಧಿ, ತೊಗರಿ, ಬದನೆ, ಶೇಂಗಾ ಇತ್ಯಾದಿ. ಎಲ್ಲವನ್ನೂ ಬಿಟ್ಟರು. ಎರಡು ತಿಂಗಳಲ್ಲಿ ಅಂಗಿ ಜೋತಾಡತೊಡಗಿತು. “ಸಾಹೇಬ್ರ, ಎಲ್ಲಾ ಬಿಟ್ಟೀನಿ, ಆದ್ರೂ ಹೊಟ್ಟಿ ಕೇಳವಲ್ದು” ಎಂದು ಹೇಳಿದಾಗ ಅವರ ಧ್ವನಿಯಲ್ಲಿ ಭಯವಿತ್ತು.

ಕೊನೆಗೆ ಜಠರ-ಕರುಳು ತಜ್ಞರೊಬ್ಬರು ಆ ಪಟ್ಟಿಯನ್ನು ಬದಿಗಿರಿಸಿ, “ಈ ವಯಸ್ಸಿನ ಗಂಡಸಿಗೆ ರಕ್ತ ಏಕೆ ಕಡಿಮೆಯಾಗಬೇಕು?” ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಹೊರಟರು. ಅವರಿಗೆ ಸಂಶಯ ಬಂದದ್ದು ಸೀಲಿಯಾಕ್ ಕಾಯಿಲೆಯ ಮೇಲೆ. ಆದರೆ ಈ ಕಾಯಿಲೆಯ ರಕ್ತಪರೀಕ್ಷೆ ಸರಿಯಾದ ಉತ್ತರ ಕೊಡಬೇಕಾದರೆ ರೋಗಿ ಗೋಧಿ ತಿನ್ನುತ್ತಿರಬೇಕು. ನಮ್ಮ ಮಿತ್ರರು ಬಿಟ್ಟಿದ್ದರು. ಆದ್ದರಿಂದ ಅವರು ಕೆಲವು ವಾರ ಪುನಃ ಚಪಾತಿ ತಿಂದು, ನೋವನ್ನು ಸಹಿಸಿ, ರಕ್ತಪರೀಕ್ಷೆ ಹಾಗೂ ಎಂಡೋಸ್ಕೋಪಿ ಮಾಡಿಸಿಕೊಳ್ಳಬೇಕಾಯಿತು. ರೋಗ ಖಚಿತವಾಯಿತು.

ಅಲರ್ಜಿ ಬೇರೆ, ಒಗ್ಗದಿರುವುದು ಬೇರೆ

ಇಲ್ಲಿ ಮೂರು ಸಂಗತಿಗಳನ್ನು ಬೇರೆ ಬೇರೆಯಾಗಿ ತಿಳಿಯುವುದು ಅಗತ್ಯ.

ಮೊದಲನೆಯದು ಆಹಾರದ ಅಲರ್ಜಿ. ದೇಹದ ರೋಗನಿರೋಧಕ ವ್ಯವಸ್ಥೆಯು ಶೇಂಗಾ, ಸೀಗಡಿ, ಮೊಟ್ಟೆಯಂಥ ಆಹಾರವನ್ನು ಶತ್ರುವೆಂದು ತಿಳಿದು ಎದುರಿಸುತ್ತದೆ. ತಿಂದ ಸ್ವಲ್ಪ ಹೊತ್ತಿನಲ್ಲಿಯೇ ಪಿತ್ತದ ಗಂಧೆ, ತುಟಿಯ ಬಾವು, ಉಸಿರಾಟದ ತೊಂದರೆ ಕಾಣಿಸಬಹುದು. ಅತ್ಯಲ್ಪ ಪ್ರಮಾಣವೂ ಪ್ರಾಣಾಪಾಯ ತರಬಲ್ಲದು.

ಎರಡನೆಯದು ಜೀರ್ಣಿಸಲಾಗದಿರುವುದು. ಇದಕ್ಕೆ ಹಾಲು ಉತ್ತಮ ಉದಾಹರಣೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಕಿಣ್ವವು ಬಾಲ್ಯ ಕಳೆದಂತೆ ಅನೇಕರಲ್ಲಿ ಕಡಿಮೆಯಾಗುತ್ತದೆ. ಉತ್ತರ ಭಾರತಕ್ಕಿಂತ ದಕ್ಷಿಣದಲ್ಲಿ ಇದು ಹೆಚ್ಚು. ಹೊಟ್ಟೆಯುಬ್ಬರ, ಗುಡುಗುಡು ಸದ್ದು, ಭೇದಿ ಇದರ ಲಕ್ಷಣಗಳು. ತೊಂದರೆ ಉಂಟು, ಅಪಾಯವಿಲ್ಲ. ಬಹುಮಂದಿ ಸ್ವಲ್ಪ ಹಾಲನ್ನು ತಾಳಿಕೊಳ್ಳುತ್ತಾರೆ. ಹೆಪ್ಪು ಹಾಕಿದಾಗ ಲ್ಯಾಕ್ಟೋಸಿನ ಒಂದು ಭಾಗ ಆಮ್ಲವಾಗಿ ಮಾರ್ಪಡುವುದರಿಂದ ಮೊಸರು, ಮಜ್ಜಿಗೆ ಒಗ್ಗುತ್ತವೆ.

ಮೂರನೆಯದು ಸೀಲಿಯಾಕ್. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನ ನಿಮಿತ್ತ ದೇಹವು ತನ್ನದೇ ಸಣ್ಣ ಕರುಳಿನ ಒಳಪದರವನ್ನು ಹಾಳುಮಾಡಿಕೊಳ್ಳುತ್ತದೆ. ಕಬ್ಬಿಣಾಂಶ ಹೀರಲ್ಪಡುವುದು ಅಲ್ಲಿಯೇ ಆದ್ದರಿಂದ ರಕ್ತಹೀನತೆ ಬರುತ್ತದೆ. ಇದು ವಂಶದಲ್ಲಿ ಹರಿಯುವ ಗುಣವುಳ್ಳದ್ದು. ಒಡಹುಟ್ಟಿದವರೂ ಮಕ್ಕಳೂ ಪರೀಕ್ಷಿಸಿಕೊಳ್ಳುವುದು ಲೇಸು. ಗ್ಲುಟೆನ್ ಇರುವ ಆಹಾರವನ್ನು ಜೀವನಪರ್ಯಂತ ಪೂರ್ಣವಾಗಿ ಬಿಡುವುದೇ ಇದಕ್ಕೆ ಚಿಕಿತ್ಸೆ. ರವೆ, ಮೈದಾ ಕೂಡ ಗೋಧಿಯೇ ಎಂಬುದನ್ನು ಮರೆಯಬಾರದು. ಅಕ್ಕಿ, ಜೋಳ, ರಾಗಿ, ಸಜ್ಜೆ, ನವಣೆಗಳಲ್ಲಿ ಗ್ಲುಟೆನ್ ಇಲ್ಲ.

ಒಂದೇ ರಕ್ತದ ಹನಿಯಿಂದ ಹತ್ತಾರು ‘ಒಗ್ಗದ ಆಹಾರ’ಗಳನ್ನು ಪತ್ತೆಹಚ್ಚುವೆವೆಂದು ಮಾರಾಟವಾಗುವ ಐಜಿಜಿ ಪರೀಕ್ಷೆಗಳನ್ನು ಯೂರೋಪ್, ಅಮೆರಿಕ, ಕೆನಡಾಗಳ ಅಲರ್ಜಿ ತಜ್ಞರ ಸಂಸ್ಥೆಗಳು ಒಪ್ಪುವುದಿಲ್ಲ. ಅವು ತೋರಿಸುವುದು ಬಹುಮಟ್ಟಿಗೆ ನಾವು ಏನನ್ನು ತಿಂದಿದ್ದೇವೆ ಎಂಬುದನ್ನು ಮಾತ್ರ.

ಋತುವಿನ ಪಾಲೆಷ್ಟು?

ಮಳೆಗಾಲದಲ್ಲಿ ಜಠರಾಗ್ನಿ ಮಂದವಾಗುತ್ತದೆಂದು ಆಯುರ್ವೇದದ ಋತುಚರ್ಯೆ ಹೇಳುತ್ತದೆ. ಇಂದಿನ ವೈದ್ಯರು ಕುಡಿಯುವ ನೀರಿಗೆ ಕೊಳಚೆ ಸೇರುವುದನ್ನು ಕಾರಣವಾಗಿ ತೋರಿಸುತ್ತಾರೆ. ಈ ಹಂಗಾಮಿನಲ್ಲಿ ಬಿಸಿಯಾದ, ಮಿತವಾದ ಆಹಾರ ಹಿತವೆಂಬ ಬಗ್ಗೆ ಭಿನ್ನಾಭಿಪ್ರಾಯವಿಲ್ಲ. ಕಾರ್ಖಾನೆಯ ಸಂಪು ಮತ್ತು ಮೇಲ್ಛಾವಣಿಯ ಟ್ಯಾಂಕನ್ನು ಜೂನ್‌ಗೆ ಮೊದಲೇ ತೊಳೆಸುವುದು ಮಾಲೀಕರ ಹೊಣೆ. ಭೇದಿಯಾದಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್ ಪುಡಿಯನ್ನು ಪೊಟ್ಟಣದಲ್ಲಿ ಬರೆದಷ್ಟೇ ನೀರಿಗೆ ಬೆರೆಸಿ ಕುಡಿಯಬೇಕು. ಆ ಸೂತ್ರವಿಲ್ಲದ ಸಿಹಿ ಪಾನೀಯಗಳು ‘ಓಆರ್‌ಎಸ್’ ಎಂಬ ಹೆಸರನ್ನು ಬಳಸದಂತೆ ಆಹಾರ ಸುರಕ್ಷತಾ ಪ್ರಾಧಿಕಾರವು 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ.

ಋತುವಿನ ಬೇನೆ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಹೋಗುತ್ತದೆ. ಅದರ ಬೆನ್ನಿಗೆ ಕೆಲವು ವಾರ ಹಾಲು ಒಗ್ಗದಿರುವುದೂ ಉಂಟು. ಆದರೆ ತಿಂಗಳುಗಟ್ಟಲೆ ಉಳಿದದ್ದು ಋತುವಿನದಲ್ಲ. ತೂಕ ಇಳಿಯುವುದು, ಮಲದಲ್ಲಿ ರಕ್ತ, ರಕ್ತಹೀನತೆ, ನುಂಗಲು ಕಷ್ಟ, ನಿದ್ರೆಯಿಂದ ಎಬ್ಬಿಸುವ ನೋವು ಅಥವಾ ಭೇದಿ – ಇವುಗಳಲ್ಲಿ ಒಂದು ಕಂಡರೂ ಗುಳಿಗೆ ನುಂಗಿ ಮುಂದೂಡದೆ ವೈದ್ಯರನ್ನು ಕಾಣತಕ್ಕದ್ದು.

ಆಹಾರದ ಕಿರ್ದಿ ಬರೆಯಿರಿ

ಪ್ರತಿದಿನ ಕಿರ್ದಿ ಬರೆಯುವ ನಮಗೆ ಇದು ಕಷ್ಟವಲ್ಲ. ಎರಡು ವಾರಗಳ ಕಾಲ ಒಂದು ಪುಸ್ತಕದಲ್ಲಿ

1. ತಿಂದದ್ದು, ಕುಡಿದದ್ದು, ಅದರ ವೇಳೆ – ಚಹಾ ಸಹಿತ;
2. ತೊಂದರೆ ಕಾಣಿಸಿದ ವೇಳೆ ಮತ್ತು ಸ್ವರೂಪ;
3. ತೆಗೆದುಕೊಂಡ ಔಷಧ, ನಿದ್ರೆ, ಆ ದಿನದ ಕೆಲಸದ ಒತ್ತಡ

ಇವನ್ನು ಬರೆದು ವೈದ್ಯರಿಗೆ ತೋರಿಸಿರಿ. ಅವರ ಸಲಹೆಯಿಲ್ಲದೆ ಗೋಧಿಯನ್ನು ಬಿಡಬೇಡಿರಿ; ಬಿಟ್ಟರೆ ಪರೀಕ್ಷೆಯೇ ಕೆಡುತ್ತದೆ. ಆಮ್ಲ ತಗ್ಗಿಸುವ ಗುಳಿಗೆಗಳನ್ನೂ ವರ್ಷಗಟ್ಟಲೆ ಸ್ವಂತ ನಿರ್ಧಾರದಿಂದ ನುಂಗಬಾರದು. ದೀರ್ಘ ಬಳಕೆಯಿಂದ ಬಿ-12 ಜೀವಸತ್ವ ಕಡಿಮೆಯಾಗುವ ಸಂಭವವಿದೆ.

ಪೊಟ್ಟಣದ ಮೇಲಿನ ಒಂದು ಸಾಲು

ನಮ್ಮ ಮಿತ್ರರ ಕಥೆ ಅಲ್ಲಿಗೆ ಮುಗಿಯಲಿಲ್ಲ. ಗೋಧಿ ಬಿಟ್ಟು ಜೋಳದ ರೊಟ್ಟಿಗೆ ಬಂದ ಮೇಲೆ ಚೇತರಿಸಿಕೊಂಡರು. ಕೆಲವು ತಿಂಗಳಲ್ಲಿ ಪುನಃ ನೋವು. ಆಹಾರ ತಜ್ಞೆಯೊಬ್ಬರು ಎರಡು ಪ್ರಶ್ನೆ ಕೇಳಿದರು. ಜೋಳ ಬೀಸಿಸುವುದು ಎಲ್ಲಿ? ಗೋಧಿ ಬೀಸುವ ಗಿರಣಿಯಲ್ಲಿಯೇ. ಸಾಂಬಾರಿಗೆ ಹಾಕುವ ಪುಡಿ ಯಾವುದು? ಪೊಟ್ಟಣ ತರಿಸಿ ನೋಡಿದರೆ ಪದಾರ್ಥಗಳ ಕೊನೆಯಲ್ಲಿ ‘ಇಂಗು’ ಎಂದಷ್ಟೇ ಇತ್ತು. ಪೇಟೆಯಲ್ಲಿ ದೊರೆಯುವ ಬಂಧಾನಿ ಇಂಗಿಗೆ ಸಾಮಾನ್ಯವಾಗಿ ಗೋಂದಿನ ಜೊತೆಗೆ ಗೋಧಿ ಹಿಟ್ಟನ್ನೋ ಅಕ್ಕಿ ಹಿಟ್ಟನ್ನೋ ಬೆರೆಸಿರುತ್ತಾರೆ. ಇದರಲ್ಲಿ ಯಾವುದಿತ್ತು?

ಆ ಪುಡಿಯ ತಯಾರಕರ ಲೆಕ್ಕವನ್ನೂ ನಾನೇ ನೋಡುತ್ತೇನೆ. ಅವರ ಖರೀದಿ ಬಿಲ್ಲುಗಳು ನನ್ನ ಕಪಾಟಿನಲ್ಲಿದ್ದವು. ಒಬ್ಬ ಕಕ್ಷಿದಾರರ ಕಾಗದವನ್ನು ಇನ್ನೊಬ್ಬರ ಪ್ರಯೋಜನಕ್ಕೆ ತೆರೆಯುವುದು ನನ್ನ ವೃತ್ತಿಧರ್ಮಕ್ಕೆ ವಿರುದ್ಧ. ಆದ್ದರಿಂದ ತಯಾರಕರ ಬಳಿಗೇ ಹೋಗಿ ವಿಷಯ ತಿಳಿಸಿದೆ. ಅವರು ಗೋದಾಮಿನಿಂದ ಇಂಗಿನ ಡಬ್ಬಿ ತರಿಸಿದರು. ಅದರ ಮೇಲೆ ಗೋಧಿ ಹಿಟ್ಟು ಎಂದು ಸ್ಪಷ್ಟವಾಗಿ ಮುದ್ರಿತವಾಗಿತ್ತು. ಡಬ್ಬಿಯಲ್ಲಿದ್ದ ಮಾಹಿತಿ ಪೊಟ್ಟಣಕ್ಕೆ ಬಂದಿರಲಿಲ್ಲ. ಅದರಲ್ಲಿ ದುರುದ್ದೇಶವಿರಲಿಲ್ಲ, ಯಾರೂ ಕೇಳಿರಲಿಲ್ಲ, ಅಷ್ಟೆ.

ಆಹಾರ ತಯಾರಿಸುವ ಸದಸ್ಯರು ಗಮನಿಸಬೇಕು. 2020ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ (ಲೇಬಲಿಂಗ್ ಮತ್ತು ಪ್ರದರ್ಶನ) ನಿಯಮಾವಳಿಯಂತೆ ಗ್ಲುಟೆನ್ ಉಳ್ಳ ಧಾನ್ಯ, ಸೀಗಡಿ-ಏಡಿ ವರ್ಗ, ಹಾಲು, ಮೊಟ್ಟೆ, ಮೀನು, ಶೇಂಗಾ ಹಾಗೂ ಗೋಡಂಬಿ-ಬಾದಾಮಿಯಂಥ ಬೀಜಗಳು, ಸೋಯಾ, ಮತ್ತು ಕಿಲೋಗ್ರಾಮಿಗೆ 10 ಮಿಲಿಗ್ರಾಂ ಅಥವಾ ಹೆಚ್ಚಿನ ಸಲ್ಫೈಟ್ – ಇವುಗಳಲ್ಲಿ ಯಾವುದಿದ್ದರೂ ಪೊಟ್ಟಣದ ಮೇಲೆ ಘೋಷಿಸಬೇಕು. ‘ಗ್ಲುಟೆನ್ ರಹಿತ’ವೆಂದು ಬರೆಯಬೇಕಾದರೆ ಗ್ಲುಟೆನ್ ಕಿಲೋಗ್ರಾಮಿಗೆ 20 ಮಿಲಿಗ್ರಾಂ ಮೀರಕೂಡದು. ಸಿರಿಧಾನ್ಯದ ಹಿಟ್ಟನ್ನು ಗೋಧಿಯ ಗಿರಣಿಯಲ್ಲಿಯೇ ಬೀಸಿ ಈ ಮಾತನ್ನು ಮುದ್ರಿಸುವುದು ಸಾಹಸವೇ ಸರಿ. ತಪ್ಪು ಲೇಬಲಿನ ಆಹಾರಕ್ಕೆ 2006ರ ಕಾಯ್ದೆಯ 52ನೆಯ ಕಲಮಿನಡಿ ಮೂರು ಲಕ್ಷ ರೂಪಾಯಿಗಳವರೆಗೆ ದಂಡವಿದೆ. ದಂಡದ ಮಾತು ಹಾಗಿರಲಿ. ಪೊಟ್ಟಣವನ್ನು ನಂಬಿ ಉಣ್ಣುವವನು ನಮ್ಮ ಗ್ರಾಹಕ.

ತಯಾರಕರು ಮುಂದಿನ ಮುದ್ರಣದಲ್ಲಿ ‘ಗೋಧಿ ಒಳಗೊಂಡಿದೆ’ ಎಂಬ ಸಾಲನ್ನು ಸೇರಿಸಿದರು. ಹಳೆಯ ದಾಸ್ತಾನಿಗೆ ಚೀಟಿ ಅಂಟಿಸಿದರು. ಆ ವರ್ಷದ ಅವರ ಲೆಕ್ಕದಲ್ಲಿ ಅದರ ಖರ್ಚು ಕಣ್ಣಿಗೆ ಬೀಳುವಷ್ಟೂ ಇರಲಿಲ್ಲ. ಕಾರ್ಖಾನೆಯ ಮಿತ್ರರ ಮನೆಯಲ್ಲಿ ಈಗ ಸಾಂಬಾರ್ ಪುಡಿಯನ್ನು ಮನೆಯಲ್ಲಿಯೇ ಕುಟ್ಟುತ್ತಾರೆ. ಜೋಳಕ್ಕೆ ಸಣ್ಣದೊಂದು ಬೀಸುವ ಯಂತ್ರ ಬಂದಿದೆ. ಹಿಮೋಗ್ಲೋಬಿನ್ ಏರಿದೆ. ಕಳೆದ ಮಾರ್ಚ್‌ನಲ್ಲಿ ಅವರ ಔಷಧದ ಬಾಬತ್ತು ಹಿಂದಿನ ವರ್ಷಗಳಿಗಿಂತ ಬಹಳ ಕಡಿಮೆಯಿತ್ತು.

ನನ್ನ ಮೇಜಿನ ಖಾನೆಯಲ್ಲಿ ಈಗ ಗುಳಿಗೆಗಳಿಲ್ಲ. ಹೊಟ್ಟೆ ನೋವೆಂದು ಹೇಳಿದವರಿಗೆ ವೈದ್ಯರನ್ನು ಕಾಣಲು ಹೇಳಿ, ಒಂದು ಖಾಲಿ ಪುಸ್ತಕ ಕೊಡುತ್ತೇನೆ.